ಕಾಡೀರುಳ್ಳಿಯೂ ಅದರ ಬಂಧುವೂ: ಗುರುತು, ಸಾಗುವಳಿ ಮತ್ತು ವಿಲಕ್ಷಣ ರೂಪಗಳು

ಬೇಸಗೆಯ ಕಡೆಯಲ್ಲಿ ಭರಣಿ ಮಳೆಯ ಮೊದಲ ಹನಿಗಳು ಬೀಳುವ ಕಾಲಕ್ಕೆ, ಕೆಂಪು ಮರಳುಮಣ್ಣಿನ ಗೋಮಾಳಗಳಲ್ಲಿ ಎಲೆಯೊಂದೂ ಇಲ್ಲದೆ ಬರಿಯ ನೆಲದಿಂದ ಒಂದೂವರೆ ಎರಡು ಅಡಿಯ ದಂಟೊಂದು ಏಳುವುದನ್ನು ದನ ಕಾಯುವ ಹುಡುಗರೆಲ್ಲರೂ ಕಂಡಿರುವರು. ದಂಟಿನ ಮೇಲ್ಭಾಗದಲ್ಲಿ ದೂರ ದೂರವಾಗಿ ಸಣ್ಣ ಗಂಟೆಯಾಕಾರದ ಹೂಗಳು ತಲೆಬಾಗಿ ತೂಗುತ್ತವೆ. ಇದೇ ಕಾಡೀರುಳ್ಳಿ, ಸಂಸ್ಕೃತದಲ್ಲಿ ವನಪಲಾಂಡು. ಇಂಗ್ಲೆಂಡಿನ ಕಾಡುಗಳನ್ನು ವಸಂತದಲ್ಲಿ ನೀಲಿಯಾಗಿಸುವ ಬ್ಲೂಬೆಲ್ ಎಂಬ ಪ್ರಸಿದ್ಧ ಗಡ್ಡೆಗಿಡಕ್ಕೆ ಇದು ಹತ್ತಿರದ ಬಂಧುವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಆದರೆ ನಮ್ಮದರ ಹೂವು ನೀಲಿಯಲ್ಲ. ಹಸುರು ಬೆರೆತ ಬಿಳುಪು ಅಥವಾ ಮಾಸಲು ಕಂದು. ಅದು ಸಂಜೆಯ ಮೇಲೆ ಅರಳಿ ಬೆಳಗಾಗುವ ವೇಳೆಗೆ ಮುದುಡುವುದರಿಂದ, ಹಗಲು ನೋಡಿದವರು ಹೂವೇ ಇಲ್ಲವೆಂದು ಹೇಳುವುದೂ ಉಂಟು.

ಶಿವಮೊಗ್ಗ ಮತ್ತು ಭದ್ರಾವತಿಗಳ ಪಡುವಲಿಗೆ ಮಲೆನಾಡೂ ಮೂಡಲಿಗೆ ಬಯಲುಸೀಮೆಯೂ ಇವೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರಾ ನಾಲೆಯ ನೀರು ಹರಿದ ಮೇಲೆ ಬಯಲಿನ ಎಷ್ಟೋ ಹೊಲಗಳು ಗದ್ದೆಗಳೂ ತೋಟಗಳೂ ಆಗಿವೆ. ಇಂಥ ಗಡ್ಡೆಗಳಿಗೆ ನೀರು ನಿಲ್ಲುವ ನೆಲ ಆಗದು. ಆದಕಾರಣ ಅವುಗಳಿಗೆ ಉಳಿಯುವ ಆಶ್ರಯವೆಂದರೆ ಗೋಮಾಳ, ಬದು ಮತ್ತು ಕಲ್ಲುದಿಣ್ಣೆಗಳು. ಈ ಜಾಗಗಳು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕಣ್ಣಳತೆಯಲ್ಲಿರುವುವಾದ್ದರಿಂದ, ಗುರುತನ್ನು ಮೊದಲು ತಿಳಿಯಬೇಕಾದವರೂ ಅವರೇ.

ಗುರುತು ತಪ್ಪಿದರೆ ಪ್ರಾಣಕ್ಕೇ ಅಪಾಯ. ಕಾಡೀರುಳ್ಳಿಯ ಗಡ್ಡೆಯಲ್ಲಿ ಹೃದಯದ ಬಡಿತವನ್ನು ಕೆಡಿಸುವ ತೀಕ್ಷ್ಣವಾದ ಕಹಿಸತ್ತ್ವಗಳಿವೆ. ಸ್ವಲ್ಪ ಪ್ರಮಾಣದಲ್ಲಿ ಕಫವನ್ನು ಸಡಿಲಿಸುವ ಔಷಧವಾದದ್ದು, ಪ್ರಮಾಣ ಮೀರಿದರೆ ವಾಂತಿ, ಭೇದಿಗಳನ್ನು ತಂದು ನಾಡಿಯನ್ನು ತಗ್ಗಿಸಿ ಕೊಲ್ಲಲೂಬಹುದು. ಮೆಡಿಟರೇನಿಯನ್ ತೀರದ ಇದೇ ಜಾತಿಯ ಕೆಂಪು ಗಡ್ಡೆಯನ್ನು ಇಲಿಪಾಷಾಣವಾಗಿ ಬಳಸಿರುವುದುಂಟು. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲದ ಕಾರಣ ತಿಂದದ್ದು ಒಳಗೇ ಉಳಿಯುತ್ತದೆ. ಊಟದ ಈರುಳ್ಳಿಯಿಂದ ಇದನ್ನು ಬೇರ್ಪಡಿಸುವುದು ಕಷ್ಟವಲ್ಲ. ಈರುಳ್ಳಿಯ ಎಲೆ ಒಳಗೆ ಟೊಳ್ಳು, ಇದರದು ಚಪ್ಪಟೆ. ಈರುಳ್ಳಿಯನ್ನು ಜಜ್ಜಿದರೆ ಘಾಟು ಬರುವುದು, ಇದರಲ್ಲಿ ಆ ಘಾಟಿಲ್ಲ. ರಸ ತಾಕಿದ ಕೈ ನವೆಯಾಗುವುದು, ಏಕೆಂದರೆ ತೊಳೆಗಳಲ್ಲಿ ಸೂಜಿಯಂಥ ಹರಳುಗಳಿರುತ್ತವೆ. ಕಿತ್ತ ಗಡ್ಡೆಗಳನ್ನು ಕಣದಲ್ಲಿಯಾಗಲಿ ಮೇವಿನ ಬಳಿಯಾಗಲಿ ಚೆಲ್ಲಿಬಿಡಕೂಡದು. ಮನುಷ್ಯನಾಗಲಿ ಜಾನುವಾರಾಗಲಿ ತಿಂದ ಶಂಕೆಯಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಗಡ್ಡೆಯ ತುಂಡನ್ನೂ ಜತೆಗೆ ಕೊಂಡೊಯ್ದರೆ ಬಹಳ ಅನುಕೂಲ.

ಎರಡನೆಯ ಗಿಡವು ಇದಕ್ಕಿಂತ ಚಿಕ್ಕದು. ಗಡ್ಡೆ ಒಂದು ಅಂಗುಲದಷ್ಟು. ಎಲೆಗಳ ಮೇಲೆ ನೇರಳೆ ಚುಕ್ಕೆಗಳು. ಹೂವಿನ ದಂಟು ಗಿಡ್ಡ, ಹೂಗಳು ಒತ್ತಾಗಿ, ಹಸುರು ನೇರಳೆ ಮಿಶ್ರವಾಗಿ, ದಳದ ತುದಿ ಹಿಂದಕ್ಕೆ ಸುರುಳಿಯಾಗಿರುವುವು. ಮುಖ್ಯ ಭೇದವೇನೆಂದರೆ, ಇದು ಎಲೆಯೊಡನೆಯೇ ಹೂಬಿಡುತ್ತದೆ, ಕಾಡೀರುಳ್ಳಿಯಾದರೋ ಹೂವು ಮುಗಿದ ಮೇಲೆ ಎಲೆ ತೆಗೆಯುತ್ತದೆ. ಚುಕ್ಕೆಗಿಡದ ಎಲೆಯ ತುದಿ ಮಣ್ಣಿಗೆ ತಾಕಿದಲ್ಲಿ ಬೇರೂರಿ ಮರಿಗಿಡ ಹುಟ್ಟುವುದೂ ಉಂಟು. ಸಸ್ಯಶಾಸ್ತ್ರಜ್ಞರು ಈಗ ಮೊದಲನೆಯದನ್ನು ಡ್ರಿಮಿಯ ಇಂಡಿಕ ಎಂದೂ ಎರಡನೆಯದನ್ನು ಲೆಡೆಬೌರಿಯ ರೆವೊಲ್ಯೂಟ ಎಂದೂ ಕರೆಯುವರು. ಹಿಂದೆ ರಾಕ್ಸ್‌ಬರೋ ಎಂಬ ಪಂಡಿತನು ಸಿಲ್ಲಾ ಇಂಡಿಕ ಎಂದದ್ದು ಕಾಡೀರುಳ್ಳಿಯನ್ನು. ತರುವಾಯ ಬೇಕರ್ ಎಂಬಾತನು ಅದೇ ಹೆಸರನ್ನು ಚುಕ್ಕೆಗಿಡಕ್ಕೆ ಇಟ್ಟನು. ಒಂದೇ ಹೆಸರು ಎರಡು ಗಿಡಕ್ಕೆ! ಹಳೆಯ ಪುಸ್ತಕವನ್ನು ನಂಬಿ ಗಡ್ಡೆ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ವಿಲಕ್ಷಣ ರೂಪಗಳ ಮಾತು. ಒಂದೇ ದಿಣ್ಣೆಯಲ್ಲಿ ಅಗಲ ಎಲೆಯ ಗಿಡ, ಸಣ್ಣ ಎಲೆಯ ಗಿಡ, ಬಿಳಿಯ ಹೂವಿನದು, ಕಂದು ಹೂವಿನದು, ಚುಕ್ಕೆ ದಟ್ಟವಾದುದು, ಚುಕ್ಕೆಯೇ ಇಲ್ಲದುದು, ಹೀಗೆ ಭೇದಗಳು ತೋರಬಹುದು. ಇವುಗಳಲ್ಲಿ ಎಷ್ಟೋ ಭೇದಗಳು ನೆರಳು, ಗೊಬ್ಬರ, ನೀರುಗಳ ಪರಿಣಾಮ ಮಾತ್ರ. ನಿಜವಾದ ಭೇದವೋ ಎಂದು ಪರೀಕ್ಷಿಸಲು ಒಂದೇ ಸುಲಭ ಮಾರ್ಗವುಂಟು: ವಿಚಿತ್ರವೆಂದು ಕಂಡ ಗಡ್ಡೆಯನ್ನೂ ಅಲ್ಲಿಯದೇ ಸಾಧಾರಣ ಗಡ್ಡೆಯನ್ನೂ ಒಂದೇ ಮಡಿಯಲ್ಲಿ ಪಕ್ಕಪಕ್ಕದಲ್ಲಿ ನೆಟ್ಟು ಎರಡು ಮೂರು ಮಳೆಗಾಲ ನೋಡತಕ್ಕದ್ದು. ಆಗಲೂ ಭೇದ ಅಳಿಯದಿದ್ದರೆ ಅದು ಗಡ್ಡೆಯ ಸ್ವಭಾವವೇ ಸರಿ.

ಕಾಡೀರುಳ್ಳಿಯಲ್ಲಿ ಈ ಸ್ವಭಾವಭೇದಕ್ಕೆ ಒಂದು ಒಳಗಿನ ಕಾರಣವೂ ಗೊತ್ತಾಗಿದೆ. ಜೀವಕೋಶದಲ್ಲಿ ವಂಶಗುಣವನ್ನು ಹೊರುವ ವರ್ಣತಂತುಗಳು ಕೆಲವು ಗಿಡಗಳಲ್ಲಿ ೨೦, ಕೆಲವುಗಳಲ್ಲಿ ೩೦, ಮತ್ತೆ ಕೆಲವುಗಳಲ್ಲಿ ೪೦ ಇರುವುವು. ಮೂವತ್ತರ ಗಿಡಗಳಲ್ಲಿ ತಂತುಗಳು ಜೋಡಿಯಾಗಿ ಸರಿಯಾಗಿ ಹಂಚಿಹೋಗದ ಕಾರಣ ಬೀಜ ಜೊಳ್ಳಾಗುವುದೇ ಹೆಚ್ಚು. ಮರಿಗಡ್ಡೆಗಳಿಂದಲೇ ಅವುಗಳ ವಂಶ ಬೆಳೆಯುವುದು. ಹೂವು ಹೇರಳವಾಗಿ ಬಿಟ್ಟೂ ಕಾಯಿ ಕಟ್ಟದ ಗುಂಪೊಂದು ಕಂಡರೆ ಇಂಥದೆಂದು ಶಂಕಿಸಲು ಅವಕಾಶವುಂಟು, ಆದರೆ ಸೂಕ್ಷ್ಮದರ್ಶಕದ ಪರೀಕ್ಷೆಯಿಲ್ಲದೆ ನಿಶ್ಚಯಿಸಲಾಗದು. ಇಂಥ ಗುಂಪನ್ನು ಒಮ್ಮೆ ಅಗೆದು ತೆಗೆದರೆ, ಬೀಜದಿಂದ ಮರಳಿ ಬರುವ ಆಸೆ ಇರುವುದಿಲ್ಲ.

ಸಾಗುವಳಿಯ ಕೆಲಸ ಅಲ್ಪ. ಬೇಕಾದ ಗಿಡವನ್ನು ಹೂವಿನ ಕಾಲದಲ್ಲಿಯೇ ಗೂಟ ನೆಟ್ಟು ಗುರುತು ಮಾಡಬೇಕು, ಎಲೆ ಮಾತ್ರ ಇರುವಾಗ ಒಂದಕ್ಕೊಂದು ಬೇರೆ ತಿಳಿಯದು. ಎಲೆ ಒಣಗಿದ ಮೇಲೆ ಅಗೆದು ಮರಿಗಡ್ಡೆಗಳನ್ನು ಬಿಡಿಸಿ, ತಾಯಿಗಡ್ಡೆಯನ್ನು ಅಲ್ಲಿಯೇ ಮುಚ್ಚುವುದು ಮೇಲು. ನೀರು ಬಸಿದುಹೋಗುವ ಏರುಮಡಿಯಲ್ಲಿ ಅಡಿಗೊಂದರಂತೆ, ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ಮುಂಗಾರಿಗೆ ಮುಂಚೆ ನೆಡಬೇಕು. ಎಲೆ ಒಣಗಿದ ತಿಂಗಳುಗಳಲ್ಲಿ ನೀರು ಹಾಯಿಸಿದರೆ ಗಡ್ಡೆ ಕೊಳೆಯುವುದು. ಕಪ್ಪಾದ ಚಪ್ಪಟೆ ಬೀಜದಿಂದಲೂ ಬೆಳೆಸಬಹುದು, ಆದರೆ ಹೂವಿಗೆ ಹಲವು ವರ್ಷ ಕಾಯಬೇಕು. ವಿಚಿತ್ರ ರೂಪವು ಬೀಜದಲ್ಲಿ ಹಾಗೆಯೇ ಬರುವುದೆಂಬ ಭರವಸೆಯೂ ಇಲ್ಲ. ಔಷಧಕ್ಕೆಂದು ತೆಗೆಯುವುದಾದರೆ ಹೂವಾದ ಕೂಡಲೆ ಎಳೆಯ ಗಡ್ಡೆಗಳನ್ನು ತೆಗೆದು, ಹೊರಪೊರೆ ಸುಲಿದು, ಹೋಳುಮಾಡಿ ಒಣಗಿಸುವ ಪದ್ಧತಿಯುಂಟು. ಈ ಕೆಲಸ ಬಲ್ಲವರಿಗೆ ಮಾತ್ರ ತಕ್ಕುದು.

ಹೊರಗಿನಿಂದ ಬಂದು ಗೋಮಾಳವನ್ನು ಅಗೆದು ಚೀಲ ತುಂಬುವವರಿಗೆ ಅವಕಾಶ ಕೊಡುವುದು ಸರಿಯಲ್ಲ. ಇಂಗ್ಲೆಂಡಿನಲ್ಲಿ ಬ್ಲೂಬೆಲ್‌ಗೆ ೧೯೯೮ರಿಂದ ಕಾನೂನಿನ ವಿಶೇಷ ರಕ್ಷಣೆ ದೊರೆತು, ಕಾಡಿನ ಗಡ್ಡೆಯನ್ನು ಕಿತ್ತು ಮಾರುವುದು ಅಪರಾಧವಾಗಿದೆ. ನಮ್ಮಲ್ಲಿ ಗೋಮಾಳದ ಒಂದು ಮೂಲೆಯನ್ನು ಮುಳ್ಳುಬೇಲಿ ಹಾಕಿ ಬಿಟ್ಟರೂ ಸಾಕಾಗುವುದು. ದನಗಳಿಗೂ ಕ್ಷೇಮ, ಗಡ್ಡೆಗಳಿಗೂ ಕ್ಷೇಮ.

ಸಂದೇಹದ ಗಿಡವನ್ನು ತಜ್ಞರಿಗೆ ತೋರಿಸುವವರು ಹೂವಿನ ದಂಟನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಒಂದು ಗಡ್ಡೆಯನ್ನು ಬೇರೆ ಚೀಲದಲ್ಲಿಟ್ಟು, ಊರು, ಮಣ್ಣು, ಹೂವು ಅರಳಿದ ಹೊತ್ತು ಮತ್ತು ಆಗ ಎಲೆ ಇತ್ತೋ ಇಲ್ಲವೋ ಎಂಬುದನ್ನು ಬರೆದಿಡತಕ್ಕದ್ದು. ೨೦೧೨ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯವು ಈ ಸೀಮೆಯವರಿಗೆ ಸಮೀಪದ್ದು. ಚೀಲದ ಮೇಲೆ ‘ವಿಷ’ ಎಂದು ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಮರೆಯಬಾರದು.