ಶುಗರ್ ಇದ್ದವರು ಕುದುರೆಮುಖ ಹತ್ತಬಹುದೇ?

ಪ್ರಶ್ನೆ: ನನಗೆ 54 ವರ್ಷ. ಅಡಿಕೆ ತೋಟವಿದೆ, ಭದ್ರಾ ನಾಲೆ ನೀರಿನ ಗದ್ದೆಯಿದೆ. ಎಂಟು ವರ್ಷದಿಂದ ಬಿಪಿ, ಶುಗರ್. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಜೊತೆಗೆ ಬಿಪಿಗೆ ಮೂತ್ರ ಹೆಚ್ಚಿಸುವ ಔಷಧ ಸೇರಿದ ಮಾತ್ರೆ ನುಂಗುತ್ತೇನೆ. ಡಿಸೆಂಬರ್‌ನಲ್ಲಿ ಮಗ, ಅವನ ಗೆಳೆಯರು ಗೈಡ್ ಜೊತೆ ಕುದುರೆಮುಖ ಚಾರಣಕ್ಕೆ ಹೊರಟಿದ್ದಾರೆ. ‘ಅಪ್ಪಾಜಿ, ನೀವೂ ಬನ್ನಿ’ ಎನ್ನುತ್ತಿದ್ದಾನೆ. ಎತ್ತರದಲ್ಲಿ ಉಸಿರು ಕಟ್ಟದಿರಲು ಡಯಾಮಾಕ್ಸ್ ಬೇಕೆಂದು ಗುಂಪಿನವರೊಬ್ಬರು ಹೇಳಿದರು. ದಿನವೂ ತೋಟದಲ್ಲಿ ಓಡಾಡುವ ನನಗೆ ಇದು ಕಷ್ಟವಾದೀತೇ?
– ಓದುಗರು, ಕತ್ತಲಗೆರೆ

ಉತ್ತರ: ಡಯಾಮಾಕ್ಸ್ ಖಂಡಿತ ಬೇಡ. ಎತ್ತರದ ಕಾಯಿಲೆ ಕಾಡುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಕುದುರೆಮುಖ ಶಿಖರ 1,900 ಮೀಟರನ್ನೂ ಮುಟ್ಟುವುದಿಲ್ಲ. ಆ ಮಾತ್ರೆಯೂ ಮೂತ್ರ ಹೆಚ್ಚಿಸುವಂಥದ್ದೇ. ನಿಮ್ಮ ಬಿಪಿ ಮಾತ್ರೆಯ ಜೊತೆ ಅದೂ ಸೇರಿ, ಮೇಲೆ ಬೆವರೂ ಹರಿದರೆ ದೇಹದ ನೀರು, ಪೊಟ್ಯಾಸಿಯಂ ಎರಡೂ ಇಳಿದುಹೋಗುತ್ತವೆ.

ನನಗೆ ಚಿಂತೆಯಿರುವುದು ನಿಮ್ಮ ಹೃದಯದ ಬಗ್ಗೆ. ತೋಟದ ನಡಿಗೆ ಒಳ್ಳೆಯದೇ, ಆದರೆ ಅದು ಸಮತಟ್ಟು ನೆಲದ ನಡಿಗೆ. ಚಾರಣ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿಬರಲು ಸುಮಾರು 20 ಕಿ.ಮೀ. ಆಗುತ್ತದೆ. ಶೋಲಾ ಕಾಡು ದಾಟಿದರೆ ಉಳಿದದ್ದು ನೆರಳಿಲ್ಲದ ಹುಲ್ಲುಗಾವಲಿನ ಏರು. ಎಂಟು ವರ್ಷ ಶುಗರ್ ಇದ್ದವರಲ್ಲಿ ಹೃದಯದ ನೋವು ನೋವಾಗಿಯೇ ಕಾಣಿಸದಿರಬಹುದು. ಬರೀ ಏದುಸಿರು, ವಿಪರೀತ ಸುಸ್ತು ಅಷ್ಟೇ. ಆದ್ದರಿಂದ ಈಗಲೇ ನಿಮ್ಮ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ, ಟಿಎಂಟಿ (ಟ್ರೆಡ್‌ಮಿಲ್ ಪರೀಕ್ಷೆ) ಬೇಕೇ ಎಂದು ಕೇಳಿ. ಅವರು ಒಪ್ಪಿದ ಮೇಲೆ ವಾರಕ್ಕೆ ಮೂರು ಸಲ ಚನ್ನಗಿರಿಯ ಕೋಟೆ ಬೆಟ್ಟ ಹತ್ತಿ ಇಳಿಯಿರಿ. ಅಲ್ಲೇ ಎದೆ ಬಿಗಿದರೆ ಕುದುರೆಮುಖದ ಮಾತು ಅಲ್ಲಿಗೇ ಬಿಡಿ.

ಇನ್ನು ಗ್ಲಿಮಿಪಿರೈಡ್. ಗಂಟೆಗಟ್ಟಲೆ ಹತ್ತುವಾಗ ಸ್ನಾಯುಗಳು ಸಕ್ಕರೆಯನ್ನು ಬೇಗಬೇಗ ಬಳಸುತ್ತವೆ, ಈ ಮಾತ್ರೆ ಅದನ್ನು ಮತ್ತೂ ಇಳಿಸುತ್ತದೆ. ಕೈ ನಡುಕ, ತಣ್ಣನೆ ಬೆವರು, ತಲೆ ಮಂಕು ಇವೆಲ್ಲ ಸಕ್ಕರೆ ಇಳಿದ ಲಕ್ಷಣ. ಏರಿನಲ್ಲಿ ಇವನ್ನೇ ‘ಸುಸ್ತಾಯ್ತು’ ಎಂದುಕೊಂಡು ಮುಂದೆ ನಡೆಯುತ್ತಾರೆ, ಅಪಾಯವಿರುವುದು ಅಲ್ಲಿಯೇ. ಆ ದಿನದ ಡೋಸ್ ಎಷ್ಟು ಎಂದು ವೈದ್ಯರನ್ನು ಕೇಳಿ, ನೀವೇ ತೀರ್ಮಾನಿಸಬೇಡಿ. ಗ್ಲುಕೋಮೀಟರ್ ಜೇಬಿನಲ್ಲಿರಲಿ. ಗಂಟೆಗೊಮ್ಮೆ ಕೂತು ಅವಲಕ್ಕಿಯನ್ನೋ ಬಾಳೆಹಣ್ಣನ್ನೋ ತಿನ್ನಿ. ನಡುಕ ಬಂದರೆ ಮೂರು ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇಳಿದು ಬಂದ ರಾತ್ರಿಯೂ ಸಕ್ಕರೆ ಕುಸಿಯಬಹುದು, ಊಟ ಬಿಟ್ಟು ಮಲಗಬೇಡಿ.

ಗೈಡ್‌ಗೆ ನಿಮ್ಮ ಕಾಯಿಲೆ ಹೇಳಿಬಿಡಿ. ‘ವಾಪಸ್ ಕಳಿಸಿಬಿಡ್ತಾರೆ’ ಎಂದು ಅನೇಕರು ಮುಚ್ಚಿಡುತ್ತಾರೆ. ಮೇಲಿಂದ ಕೆಳಗೆ ತರಲು ಗಾಡಿ ಬರುವುದಿಲ್ಲ, ನಡೆಯಲಾಗದಿದ್ದರೆ ಹೊತ್ತೇ ತರಬೇಕು. ಎದೆ ಬಿಗಿತ, ದವಡೆ ಅಥವಾ ತೋಳಿನ ನೋವು, ನಿಂತರೂ ಇಳಿಯದ ಏದುಸಿರು ಬಂದರೆ ಶಿಖರ ಕಣ್ಣೆದುರೇ ಇದ್ದರೂ ಹತ್ತುವುದನ್ನು ನಿಲ್ಲಿಸಿ ಕೂತುಬಿಡಿ. ಮಗ, ಗೈಡ್ ಆಸರೆಯಾಗಿ ಕೆಳಗಿಳಿಸಿ ನೇರ ಆಸ್ಪತ್ರೆಗೆ ಕರೆದೊಯ್ಯಲಿ.

ಮಂಡಿ, ತೊಡೆಗಳಿಗೆ ಹೊರೆ ಬೀಳುವುದು ಇಳಿಯುವಾಗ. ಕೋಲು ಹಿಡಿದು ಸಣ್ಣ ಹೆಜ್ಜೆ ಹಾಕಿ. ನೋವಿಗೆಂದು ಡೈಕ್ಲೋಫಿನ್ಯಾಕ್ ನುಂಗಬೇಡಿ. ಬಿಪಿ ಮಾತ್ರೆ ತೆಗೆದುಕೊಂಡು ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ.

ಕೊನೆಯದಾಗಿ ಉಣ್ಣೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲೇ. ಚಿಕ್ಕಮಗಳೂರಿನ ಕಾಡಂಚಿನಲ್ಲೂ ಅದು ಇದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಡೀಟ್ ಇರುವ ಮುಲಾಮು ಹಚ್ಚಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಹತ್ತು ದಿನದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕುದುರೆಮುಖಕ್ಕೆ ಹೋಗಿದ್ದೆ ಎಂದು ಮೊದಲೇ ಹೇಳಿ. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು, ಆಸ್ಪಿರಿನ್ ಬೇಡ.