ಹದ್ರಮೌತ್: ಹೊಳೆಯಿಲ್ಲದ ಕಣಿವೆ

ನದಿಯೆಂದರೇನೆಂದು ಕೇಳಿದರೆ, ಬೆಟ್ಟದಲ್ಲಿ ಹುಟ್ಟಿ, ಬಯಲಿನಲ್ಲಿ ಹರಿದು, ಸಮುದ್ರವನ್ನು ಸೇರುವ ಜಲಪ್ರವಾಹವೆಂದು ಭೂಗೋಳವನ್ನು ಕಲಿತ ಬಾಲಿಕೆಯರು ತಡೆಯಿಲ್ಲದೆ ಉತ್ತರ ಕೊಡುವರು. ಕಾವೇರಿ ತುಂಗಭದ್ರೆಗಳ ನಾಡಿನಲ್ಲಿ ಈ ಉತ್ತರವು ಸರಿಯೇ. ಆದರೆ ಅರಬಸ್ತಾನದ ಭೂಪಟವನ್ನು ಮುಂದಿಟ್ಟುಕೊಂಡರೆ ಈ ಲಕ್ಷಣವು ಸಾಲದು. ಅಷ್ಟು ವಿಸ್ತಾರವಾದ ಆ ದ್ವೀಪಕಲ್ಪದಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯು ಒಂದಾದರೂ ಇಲ್ಲ. ಆದರೂ ನದಿಗಳು ಕೊರೆದ ಕಣಿವೆಗಳು ಅಲ್ಲಿ ನೂರಾರು ಇವೆ. ಇವುಗಳನ್ನು ಅರಬ್ಬರು ‘ವಾದಿ’ ಎಂದು ಕರೆಯುವರು.

ಈ ಮಾತಿನ ಅರ್ಥವನ್ನು ನಾವು ಮೊದಲು ಚೆನ್ನಾಗಿ ತಿಳಿದುಕೊಳ್ಳಬೇಕು. ‘ಹೊಳೆ’ ಎಂದಾಗ ಕನ್ನಡಿಗರ ಮನಸ್ಸಿಗೆ ಬರುವದು ನೀರು. ‘ವಾದಿ’ ಎಂದಾಗ ಅರಬ್ಬನ ಮನಸ್ಸಿಗೆ ಬರುವದು ನೆಲ. ನೀರು ಇದ್ದರೂ ವಾದಿಯೇ, ಇಲ್ಲದಿದ್ದರೂ ವಾದಿಯೇ. ಮಳೆ ಬಂದಾಗ ಆ ನೆಲದ ಮೇಲೆ ಹಠಾತ್ತಾಗಿ ನುಗ್ಗಿ ಬರುವ ಪ್ರವಾಹಕ್ಕೆ ‘ಸೈಲ್’ ಎಂಬ ಬೇರೆ ಹೆಸರುಂಟು. ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ. ಯೋಬನು ತನ್ನ ಸ್ನೇಹಿತರನ್ನು ಬೇಸಿಗೆಯಲ್ಲಿ ಬತ್ತಿಹೋಗಿ ದಾರಿಕಾರರನ್ನು ನಿರಾಶೆಗೊಳಿಸುವ ಹಳ್ಳಕ್ಕೆ ಹೋಲಿಸಿದಾಗ ಇಂಥ ವಾದಿಗಳನ್ನೇ ನೆನೆದನು. ಅವುಗಳಲ್ಲಿ ಬಹು ಪ್ರಸಿದ್ಧವಾದ ಹದ್ರಮೌತ್ ಕಣಿವೆಯ ವಿಷಯವನ್ನು ಈ ಪಾಠದಲ್ಲಿ ವಿಚಾರಿಸೋಣ.

ಸ್ಥಾನವೂ ಆಕಾರವೂ

ಹದ್ರಮೌತ್ ಪ್ರಾಂತವು ಯೆಮನ್ ದೇಶದ ಪೂರ್ವಭಾಗದಲ್ಲಿರುವದು. ಆದಿಕಾಂಡದ ಹತ್ತನೆಯ ಅಧ್ಯಾಯದ ವಂಶಾವಳಿಯಲ್ಲಿ ಯೊಕ್ತಾನನ ಮಕ್ಕಳೊಳಗೆ ಇದೇ ಹೆಸರಿನ ಪ್ರಾಚೀನ ರೂಪವು ಕಾಣುವದೆಂದು ಪಂಡಿತರು ಹೇಳುವರು. ‘ಮರಣವು ಬಂದಿತು’ ಎಂದು ಅರ್ಥ ಮಾಡುವದು ಜನರಲ್ಲಿ ರೂಢಿಯಾದ ಕಲ್ಪನೆ.

ಅರಬೀ ಸಮುದ್ರದ ದಂಡೆಯಿಂದ ಸುಮಾರು 100 ಮೈಲಿ ಒಳಗೆ, ದಂಡೆಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ, ಈ ಕಣಿವೆಯು ಪಶ್ಚಿಮದಿಂದ ಪೂರ್ವಕ್ಕೆ ಚಾಚಿಕೊಂಡಿರುವದು. ಪಶ್ಚಿಮದ ತುದಿಯಲ್ಲಿ ಮರಳುಗಾಡು. ಪೂರ್ವಕ್ಕೆ ಹೋದ ಮೇಲೆ ಕಣಿವೆಯು ಆಗ್ನೇಯಕ್ಕೆ ತಿರುಗಿ, ‘ವಾದಿ ಮಸೀಲಾ’ ಎಂಬ ಹೆಸರನ್ನು ಪಡೆದು, ಸೈಹೂತ್ ಎಂಬ ಊರಿನ ಸಮೀಪದಲ್ಲಿ ಸಮುದ್ರವನ್ನು ಸೇರುವದು. ಸಾಮಾನ್ಯವಾಗಿ ನದಿಯ ಕಣಿವೆಯು ಮುಂದೆ ಹೋದಂತೆ ಅಗಲವಾಗುವದು. ಇಲ್ಲಿಯಾದರೋ ಪಶ್ಚಿಮದಲ್ಲಿ ಅಗಲವಾಗಿದ್ದು ಪೂರ್ವಕ್ಕೆ ಇಕ್ಕಟ್ಟಾಗುವದು.

ಕಣಿವೆಗೂ ಸಮುದ್ರಕ್ಕೂ ನಡುವೆ ‘ಜೋಲ್’ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯಿರುವದು. ಇದು ಬೋಳಾದ, ಕಲ್ಲು ಹರಡಿದ, ನೆರಳಿಲ್ಲದ ಭೂಮಿ. ಕಡಲಿನ ಕಡೆಗೆ ಇದರ ಅಂಚು 6000 ಅಡಿಗೂ ಮೀರಿ ಎದ್ದುನಿಂತು, ಉತ್ತರಕ್ಕೆ ಮೆಲ್ಲನೆ ಇಳಿಜಾರಾಗಿರುವದು. ಆದಕಾರಣ ಸಮುದ್ರಕ್ಕೆ ಸಮೀಪದಲ್ಲಿ ಬಿದ್ದ ಮಳೆಯ ನೀರು ಸಹ ಸಮುದ್ರಕ್ಕೆ ಬೆನ್ನು ತಿರುಗಿಸಿ ಒಳನಾಡಿಗೆ ಹರಿದು, ಬಹುದೂರ ಸುತ್ತಿದ ಮೇಲೆ ಮಾತ್ರ ಸಮುದ್ರದ ದಾರಿಯನ್ನು ಹಿಡಿಯುವದು. ಹೀಗೆ ದಕ್ಷಿಣದಿಂದ ಬರುವ ಉಪಕಣಿವೆಗಳಲ್ಲಿ ವಾದಿ ಅಮ್ದ್, ವಾದಿ ದೂಆನ್, ವಾದಿ ಅಲ್-ಐನ್, ವಾದಿ ಅದಿಮ್ ಎಂಬವು ಮುಖ್ಯವಾದವು.

ಜೋಲಿನ ಮೇಲೆ ನಡೆಯುವ ಪ್ರಯಾಣಿಕನಿಗೆ ಕಣಿವೆಯು ದೂರದಿಂದ ಕಾಣಿಸುವದೇ ಇಲ್ಲ. ಅಂಚಿಗೆ ಬಂದು ನಿಂತಾಗ ಕಾಲ ಕೆಳಗೆ ಸುಮಾರು 1000 ಅಡಿ ಆಳದಲ್ಲಿ ಖರ್ಜೂರದ ತೋಪುಗಳೂ ಮಣ್ಣಿನ ಊರುಗಳೂ ಫಕ್ಕನೆ ತೋರುವವು. ಇಕ್ಕೆಲಗಳಲ್ಲಿ ಗೋಡೆಯಂತೆ ನೆಟ್ಟಗಿರುವ ಬಂಡೆಗಳು. ನಡುವೆ ಹಲಗೆಯಂತೆ ಮಟ್ಟಸವಾದ ಮೆಕ್ಕಲು ಮಣ್ಣಿನ ನೆಲ. ಇಷ್ಟು ದೊಡ್ಡ ಕಣಿವೆಯನ್ನು ಇಂದಿನ ಅಲ್ಪವಾದ ಮಳೆಯು ಕೊರೆದಿರಲಾರದು. ಅರಬಸ್ತಾನದಲ್ಲಿ ಹೆಚ್ಚು ಮಳೆ ಸುರಿಯುತ್ತಿದ್ದ ಕಾಲಗಳು ಹಿಂದೆ ಇದ್ದವು. ಆಗಿನ ನದಿಗಳು ಮಾಡಿದ ಕೆಲಸವನ್ನು ನಾವು ಈಗ ನೋಡುತ್ತಿದ್ದೇವೆ.

ಮಳೆಯೂ ಸೈಲೂ

ಈ ಕಣಿವೆಯಲ್ಲಿ ವರ್ಷಕ್ಕೆ 4 ಅಂಗುಲಕ್ಕಿಂತಲೂ ಕಡಿಮೆ ಮಳೆ ಬೀಳುವದು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಒಂದು ಸಲ, ಜುಲೈ ಆಗಸ್ಟ್ ತಿಂಗಳುಗಳಲ್ಲಿ ಇನ್ನೊಂದು ಸಲ ಮಳೆಯನ್ನು ನಿರೀಕ್ಷಿಸಬಹುದು. ಆದರೆ ಅದು ಬಂದೇ ಬರುವದೆಂದು ಯಾರೂ ಹೇಳಲಾರರು. ಜೋಲಿನ ಕಲ್ಲುನೆಲವು ನೀರನ್ನು ಹೆಚ್ಚಾಗಿ ಹೀರುವದಿಲ್ಲ. ಅದನ್ನು ತಡೆಯುವದಕ್ಕೆ ಹುಲ್ಲಾಗಲಿ ಕಾಡಾಗಲಿ ಇಲ್ಲ. ಆದುದರಿಂದ ಮೇಲೆ ಬಿದ್ದ ಜಡಿಮಳೆಯು ಸಂದುಗೊಂದುಗಳಲ್ಲಿ ಕೂಡಿಕೊಂಡು, ಕೆಲವು ಗಳಿಗೆಗಳಲ್ಲಿಯೇ ಕೆಂಪು ನೀರಿನ ಗೋಡೆಯಾಗಿ ಕಣಿವೆಗೆ ಇಳಿಯುವದು. ಕಣಿವೆಯಲ್ಲಿ ಆಕಾಶವು ನಿರ್ಮಲವಾಗಿದ್ದರೂ ಸೈಲ್ ಬರಬಹುದು. ಬಂದಷ್ಟೇ ಬೇಗನೆ ಅದು ಇಳಿದುಹೋಗುವದು. ಹಿಂದೆ ಉಳಿಯುವದು ಒದ್ದೆ ನೆಲವೂ ನುಣ್ಣನೆಯ ಮೆಕ್ಕಲೂ.

ಆದರೆ ನೀರೆಲ್ಲವೂ ವ್ಯರ್ಥವಾಯಿತೆಂದು ತಿಳಿಯಬಾರದು. ಅದರ ಒಂದು ಭಾಗವು ಮೆಕ್ಕಲಿನೊಳಗೆ ಇಂಗಿ ಬಾವಿಗಳಿಗೆ ಊಟೆಯಾಗುವದು. ಕೆಳಗಿನ ಮಸೀಲಾ ಭಾಗದಲ್ಲಿ ನೆಲದೊಳಗಿನ ನೀರು ಒರತೆಗಳಾಗಿ ಮೇಲಕ್ಕೆ ಬಂದು, ಕೆಲವು ಕಡೆಗಳಲ್ಲಿ ಸದಾ ಹರಿಯುವ ತೊರೆಯಾಗಿರುವದು.

ಬೇಸಾಯ

ಸೈಲನ್ನು ಹಿಡಿದು ಹೊಲಕ್ಕೆ ತಿರುಗಿಸುವದೇ ಇಲ್ಲಿಯ ಬೇಸಾಯದ ಜೀವಾಳ. ಪ್ರವಾಹಕ್ಕೆ ಅಡ್ಡವಾಗಿ ಮಣ್ಣಿನಿಂದಲೂ ಕಲ್ಲಿನಿಂದಲೂ ಒಡ್ಡುಗಳನ್ನು ಕಟ್ಟಿ, ಕಾಲುವೆಗಳ ಮೂಲಕ ನೀರನ್ನು ಎತ್ತರವಾದ ಬದುಗಳುಳ್ಳ ಹೊಲಗಳಿಗೆ ಬಿಡುವರು. ಮೇಲಣ ಹೊಲಕ್ಕೆ ಮೊದಲು, ಕೆಳಗಣ ಹೊಲಕ್ಕೆ ಅನಂತರ ಎಂಬುದು ಯೆಮನಿನ ಕಣಿವೆಗಳಲ್ಲಿ ಹಳೆಯ ಕಾಲದಿಂದ ಬಂದ ನಿಯಮ. ಒಂದು ಸಲ ಚೆನ್ನಾಗಿ ನೆನೆದ ಹೊಲದಲ್ಲಿ ಜೋಳದ ಬೆಳೆಯು ಬಹಳ ಮಟ್ಟಿಗೆ ಆ ತೇವದಿಂದಲೇ ಬೆಳೆಯುವದು. ಬಾವಿಗಳಿಂದ ಗೋಧಿ, ಎಳ್ಳು, ದನಕರುಗಳ ಮೇವು ಇವುಗಳಿಗೆ ನೀರನ್ನು ಹಾಯಿಸುವರು. ಯಂತ್ರಗಳು ಬರುವದಕ್ಕೆ ಮುಂಚೆ ಚರ್ಮದ ಚೀಲವನ್ನು ಹಗ್ಗಕ್ಕೆ ಕಟ್ಟಿ, ಒಂಟೆಯನ್ನಾಗಲಿ ಕತ್ತೆಯನ್ನಾಗಲಿ ಇಳಿಜಾರಿನಲ್ಲಿ ನಡಿಸಿ ನೀರನ್ನು ಎತ್ತುತ್ತಿದ್ದರು. ನಮ್ಮ ಬಯಲುಸೀಮೆಯ ಕಪಿಲೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಖರ್ಜೂರವು ಎಲ್ಲಕ್ಕಿಂತ ಮುಖ್ಯವಾದ ಮರ. ದೂಆನ್ ಕಣಿವೆಯಲ್ಲಿ ನಮ್ಮ ಬೋರೆಯ ಕುಲಕ್ಕೆ ಸೇರಿದ ಸಿದ್ರ್ ಮರವು ಹೆಚ್ಚಾಗಿ ಬೆಳೆಯುವದು. ಅದರ ಹೂವಿನಿಂದ ದೊರೆಯುವ ಜೇನು ಅರಬಸ್ತಾನದಲ್ಲೆಲ್ಲಾ ಹೆಸರಾದದ್ದು.

ಹೊಲದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ಕಪ್ಪು ಉಡುಪನ್ನು ತೊಟ್ಟು, ಖರ್ಜೂರದ ಗರಿಯಿಂದ ಹೆಣೆದ ಉದ್ದವಾದ ಚೂಪು ಟೊಪ್ಪಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಸುಡುವ ಬಿಸಿಲಿನಲ್ಲಿ ಅವರು ಮೇವನ್ನು ಕೊಯ್ಯುವರು, ಆಡುಗಳನ್ನೂ ಕಾಯುವರು.

ಮಣ್ಣಿನ ಪಟ್ಟಣಗಳು

ಶಿಬಾಮ್, ಸೈಯೂನ್, ತರೀಮ್ ಎಂಬವು ಕಣಿವೆಯ ಮೂರು ದೊಡ್ಡ ಊರುಗಳು. ತರೀಮ್ ವಿದ್ಯೆಗೂ ಹಸ್ತಪ್ರತಿಗಳಿಗೂ ಹೆಸರಾದದ್ದು. ಸೈಯೂನಿನಲ್ಲಿ ಹಿಂದಿನ ಕಥೀರಿ ಸುಲ್ತಾನರ ಬಿಳಿಯ ಅರಮನೆಯಿರುವದು. ಆದರೆ ಭೂಗೋಳದ ವಿದ್ಯಾರ್ಥಿನಿಗೆ ಶಿಬಾಮೇ ಹೆಚ್ಚು ಪಾಠವನ್ನು ಹೇಳುವದು. 1532-33ರ ಮಹಾಪ್ರವಾಹದಲ್ಲಿ ಹಳೆಯ ಊರಿನ ಬಹುಭಾಗವು ಹಾಳಾದ ಮೇಲೆ ಈಗಿನ ಊರು ಎದ್ದಿತು. ಕಣಿವೆಯ ನಡುವಿನ ದಿಬ್ಬದ ಮೇಲೆ, ಒಂದೇ ಕೋಟೆಗೋಡೆಯೊಳಗೆ, ಸುಮಾರು 500 ಮನೆಗಳು ಒತ್ತೊತ್ತಾಗಿ ನಿಂತಿವೆ. ಅವುಗಳಲ್ಲಿ ಅನೇಕವು ಆರೇಳು ಅಂತಸ್ತುಗಳ ಎತ್ತರವುಳ್ಳವು. ಆದರೂ ಎಲ್ಲವೂ ಸುಡದ ಹಸಿ ಇಟ್ಟಿಗೆಯವು!

ಇಷ್ಟು ಎತ್ತರ ಯಾಕೆ? ಮಟ್ಟಸವಾದ ನೆಲವೆಲ್ಲವೂ ಹೊಲಕ್ಕೆ ಬೇಕು, ದಿಬ್ಬವು ಚಿಕ್ಕದು, ಶತ್ರುಗಳ ಭಯವೂ ಇತ್ತು. ಆದಕಾರಣ ಊರು ಅಗಲಕ್ಕೆ ಬೆಳೆಯಲಾರದೆ ಮೇಲಕ್ಕೆ ಬೆಳೆಯಿತು. ಸೈಲ್ ತಂದ ಮೆಕ್ಕಲಿಗೆ ಹೊಟ್ಟನ್ನು ಬೆರಸಿ ಇಟ್ಟಿಗೆ ಮಾಡುವರು. ಸುಣ್ಣಕಲ್ಲನ್ನು ಸುಟ್ಟು ಗಾರೆ ಮಾಡಿ ಮಾಳಿಗೆಗೆ ಬಳಿಯುವರು. ಸಿದ್ರ್ ಮರದಿಂದ ಕಂಬಗಳನ್ನೂ ಬಾಗಿಲುಗಳನ್ನೂ ಮಾಡುವರು. ಗೋಡೆಗಳು ಬುಡದಲ್ಲಿ ದಪ್ಪವಾಗಿ ಮೇಲಕ್ಕೆ ಹೋದಂತೆ ತೆಳುವಾಗುವವು. ಕೆಳಗಿನ ಅಂತಸ್ತು ಧಾನ್ಯಕ್ಕೆ, ಮೇಲಿನವು ವಾಸಕ್ಕೆ. ಹೀಗೆ ಹೊಲಕ್ಕೆ ಮಣ್ಣನ್ನು ಕೊಡುವ ಪ್ರವಾಹವೇ ಮನೆಗೂ ಮಣ್ಣನ್ನು ಕೊಡುವದು; ಮಿತಿ ಮೀರಿದಾಗ ಅದೇ ಎರಡನ್ನೂ ಒಯ್ಯುವದು. 1982ರಲ್ಲಿ ಯುನೆಸ್ಕೋ ಸಂಸ್ಥೆಯು ಶಿಬಾಮನ್ನು ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಕಡಲಾಚೆಯ ಮಕ್ಕಳು

ಕಣಿವೆಯ ಬೆಳೆಯು ಕಣಿವೆಯ ಜನರಿಗೆ ಸಾಲದು. ಆದುದರಿಂದ ಅಲ್ಲಿಯ ಗಂಡಸರು ಅನೇಕ ತಲೆಮಾರುಗಳಿಂದ ಜಾವಾ, ಸಿಂಗಪುರ, ಪೂರ್ವ ಆಫ್ರಿಕ, ಹಿಂದೂಸ್ಥಾನ ಮುಂತಾದ ಕಡೆಗಳಿಗೆ ಹೋಗಿ ದುಡಿದು ಮನೆಗೆ ಹಣವನ್ನು ಕಳುಹಿಸುತ್ತಿದ್ದರು. ನಿಜಾಮರ ಹೈದರಾಬಾದು ಸಂಸ್ಥಾನದ ಸೈನ್ಯದಲ್ಲಿ ಹದ್ರಮೌತಿನ ಅರಬ್ಬರು ಬಹು ಮಂದಿ ಇದ್ದರು. ಹದ್ರಮೌತನ್ನು 1967ರ ವರೆಗೆ ಆಳಿದ ಕುಐತಿ ಸುಲ್ತಾನರ ಮನೆತನವು ಅದೇ ಸೇವೆಯಲ್ಲಿ ಐಶ್ವರ್ಯವನ್ನು ಗಳಿಸಿತ್ತು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಆ ಸಂಸ್ಥಾನಕ್ಕೇ ಸೇರಿದ್ದವು.

ಈ ಏರ್ಪಾಡಿನ ಅಪಾಯವು ಎರಡನೆಯ ಮಹಾಯುದ್ಧದಲ್ಲಿ ಪ್ರಕಟವಾಯಿತು. 1942ರಲ್ಲಿ ಸಿಂಗಪುರವೂ ಜಾವಾವೂ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಹಣವು ನಿಂತುಹೋಯಿತು. ಅದರ ಮೇಲೆ ಮಳೆಯೂ ತಪ್ಪಿತು. 1943-44ರಲ್ಲಿ ಘೋರವಾದ ಕ್ಷಾಮವುಂಟಾಗಿ, ಬ್ರಿಟಿಷ್ ವಿಮಾನಗಳಲ್ಲಿ ಧಾನ್ಯವನ್ನು ಕಣಿವೆಗೆ ತರಬೇಕಾಯಿತು. ಮೋಡವನ್ನು ನೋಡುತ್ತಿದ್ದಂತೆಯೇ ಅಂಚೆಯನ್ನೂ ನೋಡುತ್ತಿದ್ದ ತಾಯಂದಿರಿಗೆ ಆ ವರ್ಷಗಳಲ್ಲಿ ಎರಡೂ ಬರಿದಾದವು.

ಕಣಿವೆಯನ್ನು ಅಭ್ಯಾಸ ಮಾಡಿದವರು

1893-94ರ ಚಳಿಗಾಲದಲ್ಲಿ ಥಿಯೋಡರ್ ಬೆಂಟ್ ಎಂಬವರು ತಮ್ಮ ಪತ್ನಿ ಮೇಬಲ್ ಅವರೊಡನೆ ಇಲ್ಲಿಗೆ ಬಂದರು. ಅವರ ಸಂಗಡ ಭಾರತದ ಭೂಮಾಪನ ಇಲಾಖೆಯ ಇಮಾಮ್ ಷರೀಫ್ ಎಂಬವರು ಬಂದು ದಾರಿಯುದ್ದಕ್ಕೂ ನೆಲವನ್ನು ಅಳೆದು ಭೂಪಟವನ್ನು ಬರೆದರು. ಬೆಂಟರು 1897ರಲ್ಲಿ ತೀರಿಕೊಂಡ ತರುವಾಯ ಮೇಬಲ್ ಅವರು ಪ್ರವಾಸದ ಗ್ರಂಥವನ್ನು ಸಿದ್ಧಮಾಡಿ 1900ರಲ್ಲಿ ಪ್ರಕಟಿಸಿದರು. 1937-38ರಲ್ಲಿ ಮೂವರು ಸ್ತ್ರೀಯರು ಒಟ್ಟಾಗಿ ಬಂದರು: ಪ್ರಾಚ್ಯವಸ್ತು ಶೋಧಕಿ ಗರ್ಟ್ರೂಡ್ ಕೇಟನ್-ಥಾಂಪ್ಸನ್, ಭೂಗರ್ಭ ಶಾಸ್ತ್ರಜ್ಞೆ ಎಲಿನೋರ್ ಗಾರ್ಡನರ್, ಪ್ರವಾಸ ಲೇಖಕಿ ಫ್ರೇಯಾ ಸ್ಟಾರ್ಕ್. ವಾದಿ ಅಮ್ದಿನ ಹುರೈದಾ ಎಂಬಲ್ಲಿ ಅವರು ಚಂದ್ರದೇವತೆಯ ಪ್ರಾಚೀನ ಗುಡಿಯನ್ನು ಅಗೆದು ತೆಗೆದದ್ದಲ್ಲದೆ, ಹಳೆಯ ಕಾಲುವೆಗಳನ್ನೂ ಮೆಕ್ಕಲಿನ ಪದರುಗಳನ್ನೂ ಪರೀಕ್ಷಿಸಿದರು. ಕ್ರಿಸ್ತಪೂರ್ವ ಕಾಲದಲ್ಲಿಯೂ ಇಲ್ಲಿಯ ಜನರು ಸೈಲನ್ನು ಹಂಚಿಕೊಂಡೇ ಬಾಳಿದರೆಂಬುದು ಇಂಥ ಶೋಧನೆಗಳಿಂದ ಸ್ಪಷ್ಟವಾಯಿತು.

ಇತ್ತೀಚಿನ ಸ್ಥಿತಿ

2008ರ ಅಕ್ಟೋಬರ್ ತಿಂಗಳಲ್ಲಿ ಸಮುದ್ರದಿಂದ ಬಂದ ಬಿರುಮಳೆಯಿಂದ ಭಾರಿ ಸೈಲ್ ಇಳಿದು, ಅನೇಕರು ಪ್ರಾಣವನ್ನು ಕಳೆದುಕೊಂಡರು. ಸಾವಿರಾರು ಮಣ್ಣಿನ ಮನೆಗಳು ಕರಗಿದವು. ನೀರಿನ ದಾರಿಯಲ್ಲಿ ಹೊಸ ಮನೆಗಳು ಎದ್ದಿದ್ದವು. ಹೊರನಾಡಿನಿಂದ ತಂದ ಮುಳ್ಳುಮರಗಳು ಪಾತ್ರದಲ್ಲಿ ದಟ್ಟವಾಗಿ ಬೆಳೆದು ಪ್ರವಾಹವನ್ನು ತಡೆದಿದ್ದವು. ಆ ಮರವು ಬೇರೆಯಲ್ಲ. ನಮ್ಮಲ್ಲಿ ಬಳ್ಳಾರಿ ಜಾಲಿಯೆಂದು ಕರೆಯುವದೇ. ಯಂತ್ರಗಳಿಂದ ನೀರೆತ್ತುವ ಬಾವಿಗಳು ಹೆಚ್ಚಿದಂತೆ ಅಂತರ್ಜಲವು ಕೆಳಗಿಳಿದಿದೆ. ಯೆಮನಿನಲ್ಲಿ ಯುದ್ಧವು ಹಬ್ಬಿದ 2015ರಲ್ಲಿ ಶಿಬಾಮನ್ನು ಅಪಾಯದಲ್ಲಿರುವ ಪರಂಪರೆಗಳ ಪಟ್ಟಿಗೂ ಸೇರಿಸಲಾಯಿತು.

ಒಣಗಿದ ಪಾತ್ರವೂ ನದಿಯೇ ಎಂಬುದನ್ನು ಹದ್ರಮೌತಿನ ಹಿರಿಯರು ಮರೆತಿರಲಿಲ್ಲ. ಆದಕಾರಣ ಅವರು ಊರನ್ನು ದಿಬ್ಬದ ಮೇಲೆ ಕಟ್ಟಿ, ತಗ್ಗನ್ನು ನೀರಿಗೆ ಬಿಟ್ಟರು. ಹತ್ತು ವರ್ಷ ನೀರು ಬಾರದಿದ್ದರೂ ದಾರಿಯು ನೀರಿನದೇ. ತಂದೆತಾಯಿಗಳು ಮನೆಯಲ್ಲಿ ಭೂಪಟವನ್ನು ತೆರೆದು ಕೆಳಗಿನ ಪ್ರಶ್ನೆಗಳನ್ನು ಮಕ್ಕಳೊಡನೆ ವಿಚಾರಿಸಿದರೆ ಈ ಪಾಠವು ಸಾರ್ಥಕವಾಗುವದು.

ಅಭ್ಯಾಸ

1. ವಾದಿಗೂ ಸೈಲಿಗೂ ಇರುವ ಭೇದವೇನು?
2. ಸಮುದ್ರದ ಸಮೀಪದಲ್ಲಿ ಬಿದ್ದ ಮಳೆಯು ಒಳನಾಡಿಗೆ ಹರಿಯುವದಕ್ಕೆ ಕಾರಣವೇನು?
3. ಶಿಬಾಮಿನ ಮನೆಗಳು ಎತ್ತರವಾಗಿರುವದಕ್ಕೆ ಮೂರು ಕಾರಣಗಳನ್ನು ಹೇಳಿರಿ.
4. ನಿಮ್ಮ ಊರಿನಲ್ಲಿ ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳವು ಯಾವದು? ಅದರ ಪಾತ್ರದಲ್ಲಿ ಈಗ ಏನಿದೆ?