ಎಂಜಿಬಿ ಮತ್ತು ಸ್ಮಾಗ್ ಚೆಕ್: ಮಾಡಬೇಕಾದ್ದು, ಮಾಡಬಾರದ್ದು

1976ರಿಂದ 1980ರವರೆಗಿನ ಮಾಡೆಲ್‌ನ ಎಂಜಿಬಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಓಡಿಸುತ್ತಿರುವ, ಅಥವಾ ಕೊಳ್ಳಬೇಕೆಂದು ಆಸೆಪಡುತ್ತಿರುವ ಕನ್ನಡಿಗರಿಗೆ ಈ ಸೂಚನೆ. 1975 ಮತ್ತು ಅದಕ್ಕೂ ಹಳೆಯ ಮಾಡೆಲ್‌ನವರು ಇದನ್ನು ಓದಬೇಕಿಲ್ಲ, ನಿಮಗೆ ಸ್ಮಾಗ್ ಚೆಕ್, ಅಂದರೆ ಹೊಗೆ ತಪಾಸಣೆ, ಇಲ್ಲವೇ ಇಲ್ಲ. ಉಳಿದವರಿಗೆ ರಾಜ್ಯದ ಹೆಚ್ಚಿನ ಕಡೆ ಎರಡು ವರ್ಷಕ್ಕೊಮ್ಮೆ ತಪ್ಪಿದ್ದಲ್ಲ. ಮೂವತ್ತೈದು ವರ್ಷ ದಾಟಿದ ಕಾರುಗಳನ್ನು ಬಿಟ್ಟುಬಿಡಿ ಎಂದು ಟಿವಿ ತಾರೆ ಜೇ ಲೆನೊ ಬೆಂಬಲಿಸಿ ಓಡಾಡಿದ ಮಸೂದೆ 2025ರಲ್ಲಿ ಸಮಿತಿಯಲ್ಲೇ ನಿಂತುಹೋಯಿತು. ಇನ್ನೊಂದು ಬಂದೇ ಬರುತ್ತದೆಂದು ನಂಬಿ ಕೂರಬೇಡಿ.

ಮಾಡಬಾರದ್ದು

ಬಾನೆಟ್ ಕೆಳಗಿನ ಯಾವುದನ್ನೂ ಕಿತ್ತುಹಾಕಬೇಡಿ. ಏರ್ ಪಂಪ್, ಗಲ್ಪ್ ವಾಲ್ವ್, ಇಜಿಆರ್ ವಾಲ್ವ್, ಇದ್ದಿಲು ತುಂಬಿದ ಕ್ಯಾನಿಸ್ಟರ್, ಕೆಳಗಿನ ಕ್ಯಾಟಲಿಟಿಕ್ ಕನ್ವರ್ಟರ್, ಇವೆಲ್ಲ ಇಂಜಿನ್ನಿನ ಉಸಿರು ಕಟ್ಟಿಸುತ್ತವೆ ಎಂದು ತೆಗೆದೆಸೆಯುವ ಚಟ ಎಂಜಿಬಿ ಮಾಲೀಕರಿಗೆ ಹಳೆಯದು. 1798 ಸಿಸಿ ಇಂಜಿನ್ನಿಗೆ ಅದರಿಂದ ಬರುವ ಜೋರು ಅಷ್ಟಕ್ಕಷ್ಟೆ, ಬರುವ ತಲೆನೋವು ಮಾತ್ರ ಬೆಟ್ಟದಷ್ಟು. ಪರೀಕ್ಷೆಯಲ್ಲಿ ಮೂರು ಭಾಗ: ಸಾಮಾನು ಜಾಗದಲ್ಲಿದೆಯೇ, ಕೆಲಸ ಮಾಡುತ್ತಿದೆಯೇ, ಪೈಪಿನಿಂದ ಏನು ಬರುತ್ತಿದೆ. ಒಂದರಲ್ಲಿ ತಪ್ಪಿದರೂ ಫೇಲ್. ಹೊಗೆ ಎಷ್ಟೇ ಚೊಕ್ಕಟವಾಗಿರಲಿ, ಏರ್ ಪಂಪ್ ಕಾಣೆಯಾಗಿದ್ದರೆ ಚೀಟಿ ಸಿಗುವುದಿಲ್ಲ.

ಒಂಟಿ ಜೆನಿತ್-ಸ್ಟ್ರಾಂಬರ್ಗ್ ತೆಗೆದು ವೆಬರ್ ಕಾರ್ಬುರೇಟರ್ ಹಾಕಿಸಬೇಡಿ. ರಾಜ್ಯದ ಏರ್ ರಿಸೋರ್ಸಸ್ ಬೋರ್ಡಿನ ಎಕ್ಸಿಕ್ಯುಟಿವ್ ಆರ್ಡರ್ (ಅನುಮೋದನೆ) ನಂಬರ್ ಇಲ್ಲದ ಬದಲಿ ಭಾಗವನ್ನು ಕಂಡ ಕೂಡಲೇ ಪರೀಕ್ಷಕ ಫೇಲ್ ಮಾಡುತ್ತಾನೆ, ಮಾಡಲೇಬೇಕು. ‘ಹಿಂದಿನ ಎಂಜಿಬಿಗೆ ಕಂಪನಿಯವರೇ ಜೋಡಿ ಎಸ್‌ಯು ಕೊಟ್ಟಿದ್ದರಲ್ಲ’ ಎಂಬ ವಾದ ಅಲ್ಲಿ ನಡೆಯದು. ನಿಮ್ಮ ಮಾಡೆಲ್‌ಗೆ ಏನಿತ್ತೋ ಅದೇ ಇರಬೇಕು.

ಮಿಕ್ಸ್ಚರನ್ನು ಕಂಡಾಪಟ್ಟೆ ತೆಳು ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ, ನಿಜ. ಆದರೆ ಮಿಸ್ಸಿಂಗ್ ಶುರುವಾಗಿ ಸುಡದ ಪೆಟ್ರೋಲು ಹೈಡ್ರೋಕಾರ್ಬನ್ ಲೆಕ್ಕದಲ್ಲಿ ಹೊರಬರುತ್ತದೆ, ಬೆಂಕಿಯ ಕಾವು ಏರಿ ನೈಟ್ರೋಜನ್ ಆಕ್ಸೈಡ್ ಕೂಡ ಹೆಚ್ಚುತ್ತದೆ.

ಊರಿನಲ್ಲಿ ಗಾಡಿಯನ್ನು ನೋಡದೆಯೇ ಎಮಿಷನ್ ಚೀಟಿ ಹರಿದುಕೊಟ್ಟವರನ್ನು ಕಂಡಿದ್ದೀರಿ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಇಲ್ಲಿ ಅಳತೆ ಯಂತ್ರದಿಂದ ನೇರ ಸರ್ಕಾರದ ಕಂಪ್ಯೂಟರಿಗೆ ಹೋಗುತ್ತದೆ, ಬೇರೆ ಕಾರಿನ ಹೊಗೆ ತೋರಿಸಿ ಪಾಸು ಮಾಡಿಸುವುದು ಅಪರಾಧ.

ಸ್ಮಾಗ್ ಸರ್ಟಿಫಿಕೇಟ್ ಇಲ್ಲದ ಕಾರು ಕೊಳ್ಳಬೇಡಿ. ‘ಇದ್ದ ಹಾಗೆ ಮಾರುತ್ತಿದ್ದೇನೆ’ ಎಂದು ಬರೆದುಕೊಟ್ಟರೂ ಅದನ್ನು ಒದಗಿಸುವ ಹೊಣೆ ಮಾರುವವನದೇ. ‘ಸಣ್ಣ ಅಡ್ಜಸ್ಟ್‌ಮೆಂಟ್ ಸಾಕು, ಪಾಸಾಗುತ್ತದೆ’ ಎಂದರೆ, ಆ ಸಣ್ಣದ್ದನ್ನು ನೀವೇ ಮಾಡಿಸಿಕೊಡಿ ಎನ್ನಿ.

ಮಾಡಬೇಕಾದ್ದು

ಬಾನೆಟ್ ಎತ್ತಿ ಎಮಿಷನ್ ಲೇಬಲ್ ಓದಿ. ಟೈಮಿಂಗ್ ಎಷ್ಟು ಡಿಗ್ರಿ, ಎಷ್ಟು ಆರ್‌ಪಿಎಂನಲ್ಲಿ ನೋಡಬೇಕು, ಯಾವ ಯಾವ ಉಪಕರಣ ಇರಬೇಕು ಎಂಬುದಕ್ಕೆ ಅದೇ ಆಧಾರ. ಟೈಮಿಂಗನ್ನು ಪರೀಕ್ಷಕನೂ ನೋಡುತ್ತಾನೆ, ನಿಮ್ಮ ಕಿವಿಗೆ ಹಿತವಾದ ಟೈಮಿಂಗ್ ಅವನಿಗೆ ಬೇಡ.

ವ್ಯಾಲ್ವ್ ಗ್ಯಾಪ್, ಪ್ಲಗ್, ಏರ್ ಫಿಲ್ಟರ್ ಸರಿಮಾಡಿದ ಮೇಲೆಯೇ ಕಾರ್ಬುರೇಟರಿಗೆ ಕೈಹಾಕಿ. ಸ್ಟ್ರಾಂಬರ್ಗಿನ ಮಿಕ್ಸ್ಚರ್ ಸರಿಪಡಿಸಲು ಅದರದೇ ಟೂಲ್ ಬೇಕು. ನೆತ್ತಿಯ ಡ್ಯಾಂಪರ್ ಬಿಚ್ಚಿ ಟೂಲನ್ನು ಒಳಗಿಳಿಸಿದರೆ, ಹೊರಕೊಳವೆಯ ಗೂಟ ಏರ್ ವಾಲ್ವ್ ಅಲುಗದಂತೆ ಹಿಡಿದುಕೊಳ್ಳುತ್ತದೆ, ಒಳಗಿನ ಅಲೆನ್ ಕೀ ಸೂಜಿಯನ್ನು ಏರಿಸುತ್ತದೆ, ಇಳಿಸುತ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಪೆಟ್ರೋಲು ಹೆಚ್ಚು, ಎದುರು ದಿಕ್ಕಿಗೆ ಕಡಿಮೆ. ಬರೀ ಅಲೆನ್ ಕೀ ತೂರಿಸಿ ತಿರುವಿದರೆ ಏರ್ ವಾಲ್ವ್ ಜೊತೆಗೇ ತಿರುಗಿ ರಬ್ಬರ್ ಡಯಾಫ್ರಮ್ ಹರಿಯುತ್ತದೆ. ಕಾಲು ತಿರುವು ತಿರುಗಿಸಿ, ಇಂಜಿನ್ನಿಗೆ ಸಾವರಿಸಿಕೊಳ್ಳಲು ಬಿಡಿ, ಆಮೇಲೆ ನೋಡಿ. ಡ್ಯಾಂಪರಿಗೆ ಮತ್ತೆ ಎಣ್ಣೆ ಹಾಕುವುದನ್ನು ಮರೆಯಬೇಡಿ.

ಎಷ್ಟು ತೆಳು ಮಾಡಿದರೂ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತಿಲ್ಲವೇ? ಚೋಕ್ ನೋಡಿ. ಈ ಕಾರಿನ ಆಟೊಮ್ಯಾಟಿಕ್ ಚೋಕ್ ಬಿಡುವುದು ಇಂಜಿನ್ನಿನ ಬಿಸಿನೀರಿನಿಂದ. ಆ ನೀರಿನ ದಾರಿ ಕಟ್ಟಿಕೊಂಡಿದ್ದರೆ ಇಂಜಿನ್ ಬಿಸಿಯಾದರೂ ಚೋಕ್ ಅರ್ಧ ಹಿಡಿದೇ ಇರುತ್ತದೆ. ಹೋಸನ್ನು ಮುಟ್ಟಿದರೆ ಗೊತ್ತಾಗುತ್ತದೆ.

ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸುಗಳನ್ನೆಲ್ಲ ಒಟ್ಟಿಗೇ ಬದಲಿಸಿ. ಗಲ್ಪ್ ವಾಲ್ವಿನ ಡಯಾಫ್ರಮ್ ಹೋಗಿದ್ದರೂ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ಹಾಳಾಗುತ್ತದೆ. ಇಜಿಆರ್ ವಾಲ್ವ್ ಬಿಚ್ಚಿ ಮಸಿ ಕೆರೆಯಿರಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ಪರೀಕ್ಷಿಸುತ್ತಾರೆ, ಹೊಸದು ಹಾಕಿ.

ಇಂಜಿನ್ ಆಯಿಲ್ ಬದಲಿಸಿ. ಹಳೆಯ ಆಯಿಲ್‌ನಲ್ಲಿ ಸೇರಿಕೊಂಡ ಪೆಟ್ರೋಲು ಆವಿಯಾಗಿ ಮತ್ತೆ ಇಂಜಿನ್ನಿಗೇ ಹೋಗಿ ಅಳತೆ ಕೆಡಿಸುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ ಕಾರಾದರೆ ಟ್ಯಾಂಕಿನಲ್ಲಿರುವ ಪೆಟ್ರೋಲನ್ನೂ ತೆಗೆಸಿ.

ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಅದಕ್ಕೂ ಮೊದಲು ಇಪ್ಪತ್ತು ನಿಮಿಷ ಫ್ರೀವೇಯಲ್ಲಿ ಓಡಿಸಿ. ಕ್ಯಾಟಲಿಟಿಕ್ ಕನ್ವರ್ಟರ್ ಕಾದರೆ ಮಾತ್ರ ಕೆಲಸ ಮಾಡುತ್ತದೆ. ಬೇ ಏರಿಯಾ, ಲಾಸ್ ಏಂಜಲಿಸ್ ಕಡೆ ಕಾರನ್ನು ರೋಲರ್ ಮೇಲೆ ಹತ್ತಿಸಿ ಗಂಟೆಗೆ 15 ಮೈಲಿ ಮತ್ತು 25 ಮೈಲಿ ವೇಗದಲ್ಲಿ ಅಳೆಯುತ್ತಾರೆ. ಮುಂದೆ ಹತ್ತು ಕಾರು ಕಾಯುತ್ತಿದ್ದರೆ ನಿಮ್ಮದು ಅಷ್ಟರಲ್ಲಿ ತಣ್ಣಗಾಗಿರುತ್ತದೆ, ಇನ್ನೊಂದು ದಿನ ಬನ್ನಿ. ಮೊದಲ ಸಲವಾದರೆ ಪ್ರೀ-ಟೆಸ್ಟ್ ಕೇಳಿ: ಅದೇ ಯಂತ್ರ, ಅದೇ ಅಳತೆ, ದಾಖಲೆ ಮಾತ್ರ ಹೋಗುವುದಿಲ್ಲ.

ಫೇಲಾದರೆ ಮೆಕ್ಯಾನಿಕ್ ಮೇಲೆ ಹಾರಾಡುವ ಮೊದಲು ಕೊಟ್ಟ ಕಾಗದ ಓದಿ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಮಿಕ್ಸ್ಚರ್ ಅಥವಾ ಚೋಕ್. ಹೈಡ್ರೋಕಾರ್ಬನ್ ಒಂದೇ ಹೆಚ್ಚಿದ್ದರೆ ಪ್ಲಗ್, ವೈರು, ಸೋರುವ ವ್ಯಾಲ್ವ್. ನೈಟ್ರೋಜನ್ ಆಕ್ಸೈಡ್ ಹೆಚ್ಚಿದ್ದರೆ ಇಜಿಆರ್, ಟೈಮಿಂಗ್.

ಹಿಂದಿನ ಮಾಲೀಕ ಎಲ್ಲವನ್ನೂ ಕಿತ್ತೆಸೆದಿದ್ದಾನೆ, ಬಿಡಿಭಾಗ ಸಿಗುತ್ತಿಲ್ಲ ಎನ್ನುವವರಿಗೆ ಒಂದು ದಾರಿ ಇದೆ. ಮೂವತ್ತೈದು ವರ್ಷ ದಾಟಿದ ಕಾರಿಗೆ ಕಲೆಕ್ಟರ್ ಇನ್ಶೂರೆನ್ಸ್ ಮಾಡಿಸಿ ಇಂಥ ವಿಶೇಷ ಪ್ರಕರಣಗಳನ್ನು ನೋಡುವ ಸ್ಮಾಗ್ ಚೆಕ್ ರೆಫರಿಯ ಬಳಿ ಹೋಗಿ. ಅಲ್ಲಿ ಸಾಮಾನಿನ ತಪಾಸಣೆಗೆ ವಿನಾಯಿತಿ ಇದೆ, ಹೊಗೆಯ ಮಿತಿಗೆ ಇಲ್ಲ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕು, ಪೆಟ್ರೋಲು ಸೋರಬಾರದು. ಈ ಇನ್ಶೂರೆನ್ಸ್ ಹಾಕಿಸಿಕೊಂಡು ದಿನವೂ ಆಫೀಸಿಗೆ ಓಡಿಸುವ ಯೋಚನೆ ಬೇಡ.

ಸರ್ಟಿಫಿಕೇಟಿನ ಆಯುಸ್ಸು 90 ದಿನ. ಪರೀಕ್ಷೆಯನ್ನು ರಿಜಿಸ್ಟ್ರೇಷನ್ ಮುಗಿಯುವ ವಾರಕ್ಕೆ ದೂಡಬೇಡಿ. ಪಾಸಾಗಿರದಿದ್ದರೂ ಡಿಎಂವಿಯ (ವಾಹನ ಇಲಾಖೆಯ) ರಿಜಿಸ್ಟ್ರೇಷನ್ ಶುಲ್ಕವನ್ನು ಗಡುವಿನೊಳಗೆ ಕಟ್ಟಿ, ಇಲ್ಲವಾದರೆ ಮೇಲಿಂದ ದಂಡ ಬೀಳುತ್ತದೆ.